ಮೈಂದರ್ಗಿಯ ಮದುಮಗನ ಹಾಜರಿ

ಮಿಂದು ಲಿಂಗಪೂಜೆಯನ್ನು ಮುಗಿಸದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕದ ನೇಮಸ್ಥನೂ; ಹಿರಿಯರು ಎದುರಾದರೆ ತಲೆಯ ರುಮಾಲನ್ನು ನೆಟ್ಟಗೆ ಮಾಡಿಕೊಂಡು ದಾರಿ ಬಿಟ್ಟು ನಿಲ್ಲುವ ವಿನಯವಂತನೂ; ಉಣ್ಣುವ ತಾಟಿನಲ್ಲಿ ರೊಟ್ಟಿಯ ಚೂರನ್ನಾಗಲಿ, ಓದುವ ಪುಸ್ತಕದಲ್ಲಿ ಅಚ್ಚುಕೂಟದ ವಿಳಾಸವನ್ನಾಗಲಿ ಉಳಿಸದೆ ಮುಗಿಸುವ ಸಮಗ್ರಗ್ರಾಹಿಯೂ; ಉತ್ತರ ತೋಚದಿದ್ದಾಗ ಗುರುಗಳಿಗೇ ಮರುಪ್ರಶ್ನೆ ಹಾಕುವ ಧೀರನೂ; ಸುಳ್ಳಾಡಹೋದರೆ ಎರಡು ಕಿವಿಗಳೂ ಕೆಂಪಾಗಿ ಗುಟ್ಟು ರಟ್ಟು ಮಾಡುತ್ತಿದ್ದುದರಿಂದ ಸತ್ಯವ್ರತವನ್ನು ಬೇರೆ ದಾರಿಯಿಲ್ಲದೆ ಪಾಲಿಸುತ್ತಿದ್ದವನೂ; ಒಮ್ಮೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯದವನೂ; ದೇವರು ಕೊಟ್ಟ ಎರಡು ಕಣ್ಣು ಎರಡು ಕಿವಿಗಳಲ್ಲಿ ಯಾವುದನ್ನೂ ಒಂದು ಗಳಿಗೆಯಾದರೂ ಬರಿದೆ ಕೂಡಿಸುವುದು ದಾನಿಗೆ ಬಗೆಯುವ ಅಪಚಾರವೆಂದು ನಂಬಿದವನೂ ಆಗಿ, ಇಂತಪ್ಪ ಗುಣಗಳನ್ನೆಲ್ಲ ಒಂದೇ ಮೈಯಲ್ಲಿ ಹೊತ್ತು, ಆ ಭಾರಕ್ಕೆ ಬಾಗದೆ, ಆಗಾಗ ಎಡವುತ್ತ ಮಾತ್ರ ನಡೆಯುತ್ತಿದ್ದ ಒಬ್ಬ ತರುಣನು ಅಕ್ಕಲಕೋಟೆಯ ಸೀಮೆಯಲ್ಲಿದ್ದನು. ಊರು ಮೈಂದರ್ಗಿ; ಹೆಸರು ಸಾಯಬಣ್ಣ.

ಅವನ ತಂದೆ ಕಲ್ಯಾಣಪ್ಪನು ನಾಲ್ಕು ಕೂರಿಗೆ ಹೊಲದ ಒಕ್ಕಲಿಗ. ಮಾತು ಕಡಿಮೆ, ಆಡಿದರೆ ಅಳೆದು ಆಡುವವನು. ತಾಯಿ ಬಾಲ್ಯದಲ್ಲಿಯೇ ಲಿಂಗೈಕ್ಯಳಾದುದರಿಂದ ಸಾಯಬಣ್ಣನನ್ನು ಸಾಕಿದವಳು ಕಲ್ಯಾಣಪ್ಪನ ಅಕ್ಕ ಅಕ್ಕನಾಗಮ್ಮ. ಈಕೆಯು ತಮ್ಮನಲ್ಲಿ ಕೊರತೆಯಾಗಿದ್ದ ಮಾತನ್ನೆಲ್ಲ ತನ್ನ ಲೆಕ್ಕದಲ್ಲಿ ತುಂಬಿಕೊಟ್ಟು ಮನೆಯ ಸಮತೋಲವನ್ನು ಕಾಯುತ್ತಿದ್ದಳು. ಹುಡುಗನು ಸೊಲ್ಲಾಪುರದಲ್ಲಿ ಉಳಿದು ಮ್ಯಾಟ್ರಿಕ್ ಮುಗಿಸಿದನು. ಆ ಕಾಲದ ಸೊಲ್ಲಾಪುರದಲ್ಲಿ ಮುಗಿಲಿಗೆ ಮುಟ್ಟುವ ಗಿರಣಿಯ ಚಿಮಣಿಗಳಿದ್ದವು, ಸಿದ್ಧರಾಮನ ಕೆರೆಯಿತ್ತು, ಕೋಟೆಯಿತ್ತು, ಎರಡು ಭಾಷೆಯ ಬೈಗುಳಗಳಿದ್ದವು. ಕಾಲೇಜು ಮಾತ್ರ ಇರಲಿಲ್ಲ. ಆದುದರಿಂದ ಸಾವಿರದ ಒಂಬೈನೂರ ಇಪ್ಪತ್ತೇಳನೆಯ ಇಸವಿಯ ಜೂನ್ ತಿಂಗಳಲ್ಲಿ ಸಾಯಬಣ್ಣನು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಪುಣೆಯ ಒಂದು ಕಾಲೇಜಿಗೆ ಹೊರಟು ನಿಂತನು.

ಹೊರಡುವ ದಿನ ಕಲ್ಯಾಣಪ್ಪನು ಹೇಳಿದ್ದು ಇಷ್ಟೇ.

"ತಮ್ಮಾ, ಒಂದ ವರ್ಷ ಕೊಟ್ಟೀನಿ. ವರ್ಷದ ಕಡೀಕ ಪರೀಕ್ಷಾಕ್ಕ ಕುಂತು ಮುಂದಿನ ಇಯತ್ತೆಕ್ಕ ಹತ್ತಿದಿ, ಮುಂದ ಓದು. ಹತ್ತಲಿಲ್ಲ, ಮನಿಗೆ ಬಾ. ಬಿತ್ತೂ ಕೂರಿಗಿ ನಿನ್ನ ಕೈಯಾಗ ಕೊಡ್ತೀನಿ. ಬೈಯೂದಿಲ್ಲ, ಅಳೂದಿಲ್ಲ. ಆತಿಲ್ಲೋ?"

"ಆತಪ್ಪ" ಎಂದನು ಸಾಯಬಣ್ಣ. ಕಿವಿ ಕೆಂಪಾಗಲಿಲ್ಲ; ಮನಸ್ಸಿನಿಂದಲೇ ಒಪ್ಪಿದ್ದನು.

ಒಕ್ಕಲುತನದ ಮನೆಯಲ್ಲಿ ಬೆಳೆದವನ ಕಣ್ಣಿಗೆ ಕಾಲೇಜೆಂಬುದು ಒಂದು ವರ್ಷದ ಲಾವಣಿಗೆ, ಎಂದರೆ ಗೇಣಿಗೆ, ದೊರೆತ ಹೊಲದಂತೆ ಕಂಡಿತು. ಲಾವಣಿಗೆ ಹಿಡಿದ ಹೊಲದಲ್ಲಿ ಬದುವಿನ ಅಂಚನ್ನೂ ಬಿಡದೆ ಬಿತ್ತುವುದು ಆ ಸೀಮೆಯ ಪದ್ಧತಿ. ಅವನಿಗೆ ನೇಮಿಸಿದ ವಿಷಯಗಳು ಇಂಗ್ಲಿಷ್, ಗಣಿತ, ಇತಿಹಾಸ ಮೊದಲಾದವು. ಆದರೆ ಬಲಗಡೆಯ ಕಟ್ಟಡದಲ್ಲಿ ಸಸ್ಯಶಾಸ್ತ್ರ, ಎಡಗಡೆಯಲ್ಲಿ ಪಾರಸೀ ಭಾಷೆ, ಮಹಡಿಯ ಮೇಲೆ ಬಿ.ಎ. ತರಗತಿಯ ತತ್ತ್ವಶಾಸ್ತ್ರ, ಒಂದೊಂದು ಬಾಗಿಲೂ ತೆರೆದೇ ಇತ್ತು. ತೆರೆದ ಬಾಗಿಲ ಮುಂದೆ ಹಾದು ಹೋಗುವುದು ಸಾಯಬಣ್ಣನಿಂದ ಆಗದ ಕೆಲಸ. ಅವನು ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿಯೇ ಕುಳಿತನು. ಕಳ್ಳತನದಿಂದ ಬಂದವರು ಹಿಂದೆ ಕುಳ್ಳಿರುತ್ತಾರೆಂಬುದು ಅಧ್ಯಾಪಕರ ಅನುಭವ. ಮುಂದೆ ಕುಳಿತು ಎರಡು ಪ್ರಶ್ನೆ ಕೇಳುವವನನ್ನು ಯಾರೂ ಸಂಶಯಿಸಲಿಲ್ಲ.

ಹೀಗೆ ನಾಲ್ಕು ತಿಂಗಳಲ್ಲಿ ಅವನು ಬೇರಿನ ತುದಿಯಲ್ಲಿ ಟೊಪ್ಪಿಗೆಯಿರುತ್ತದೆಂದು ಸೂಕ್ಷ್ಮದರ್ಶಕದಲ್ಲಿ ಕಂಡನು. ಮೌಲವಿಗಳಿಂದ ಪಾರಸಿಯ ಹದಿನೆಂಟು ಕ್ರಿಯಾಪದಗಳನ್ನು ಪಡೆದನು. ನದಿಯಲ್ಲಿ ದೋಣಿ ನಡೆಸುವವರ ಸಂಘವನ್ನು ಸೇರಿ, ಎರಡು ಸಲ ಮುಳುಗಿ, ಮೂರನೆಯ ಸಲ ಈಜು ಕಲಿತನು. ಮರಾಠಿ ನಾಟಕದಲ್ಲಿ ರಾಣಿಯ ಸಖಿಯಾಗಿ ಚಾಮರ ಬೀಸಿದನು. ಮೀಸೆ ತೆಗೆಯಲು ಒಪ್ಪದ ಕಾರಣ ಸಖಿಯು ಆದ್ಯಂತ ಸೆರಗು ಮುಚ್ಚಿಕೊಂಡೇ ಇರಬೇಕಾಯಿತು. ಕಪ್ಪೆಯನ್ನು ಕೊಯ್ಯುವ ತರಗತಿಗೂ ಒಮ್ಮೆ ಹೋಗಿ, ಶಿವ ಶಿವಾ ಎಂದು ಕಣ್ಣು ಮುಚ್ಚಿ, ಬಾಗಿಲೆಂದು ತಿಳಿದು ಕಪಾಟನ್ನು ಹೊಕ್ಕು ಬಂದನು. ಇಷ್ಟೆಲ್ಲದರ ನಡುವೆ ತನ್ನ ಸ್ವಂತ ತರಗತಿಗಳಿಗೆ ಎಂದಾದರೊಮ್ಮೆ ನಂಟನಂತೆ ಹೋಗಿ ಬರುತ್ತಿದ್ದನು. ಮೊದಲ ವರ್ಷದ ಇತಿಹಾಸವು ಸಸ್ಯಶಾಸ್ತ್ರದ ಹೊತ್ತಿಗೇ ಇದ್ದುದರಿಂದ ಅದನ್ನು ಬಿಟ್ಟು, ನಷ್ಟ ತುಂಬಿಕೊಳ್ಳಲು ಬಿ.ಎ. ತರಗತಿಯ ಇತಿಹಾಸಕ್ಕೆ ಹೋಗುತ್ತಿದ್ದನು. ಜ್ಞಾನಕ್ಕೆ ಜ್ಞಾನ ಸಮವಾಯಿತೆಂದು ಅವನ ಎಣಿಕೆ. ಹಾಜರಿ ಪುಸ್ತಕಕ್ಕೆ ಈ ಎಣಿಕೆ ತಿಳಿಯದು. ಸಾಯಬಣ್ಣನದಾದ ಎಂಬತ್ತಮೂರನೆಯ ಅಂಕಿಯ ಮುಂದೆ ಅದು ದಿನದಿನವೂ ಗೈರುಹಾಜರಿಯ ಗೀಟನ್ನೇ ಎಳೆಸಿಕೊಳ್ಳುತ್ತಿತ್ತು.

ಬಿ.ಎ. ತರಗತಿಗೆ ಇತಿಹಾಸ ಹೇಳುತ್ತಿದ್ದವರು ದಿಗಂಬರರಾಯರು. ಸೊಲ್ಲಾಪುರದಲ್ಲಿ ಮೂರು ತಲೆಮಾರು ಕಚೇರಿಯ ಕಾರಕೂನಿಕೆ ಮಾಡಿದ ಮನೆತನದವರು. ಪುಣೆಯಲ್ಲಿ ಹತ್ತು ವರ್ಷವಿದ್ದರೂ ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಕನ್ನಡದಲ್ಲಿಯೇ ಮಾತಾಡುವವರು. ಡಿಸೆಂಬರ್ ರಜೆಯಲ್ಲಿ ಅವರು ಅಕ್ಕಲಕೋಟೆಯ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಬರುವರೆಂದು ಕೇಳಿ, ಸಾಯಬಣ್ಣನು ಊರಿಗೆ ಪತ್ರ ಬರೆದು, ರೈಲು ನಿಲ್ದಾಣಕ್ಕೆ ಮನೆಯ ಕೊಲ್ಲಾರಿ ಬಂಡಿಯನ್ನು ತರಿಸಿದನು. ಬಂಡಿ ಹೊಡೆಯುತ್ತ ಕಲ್ಯಾಣಪ್ಪ. ಹಿಂದೆ ಜಮಖಾನೆಯ ಮೇಲೆ ರಾಯರು. ಅವರ ಎದುರಿಗೆ ಸಾಯಬಣ್ಣ. ಬುತ್ತಿಯ ಗಂಟನ್ನು ಹಿಡಿದು ಅಕ್ಕನಾಗಮ್ಮ.

ಎರಡು ಹರದಾರಿ ಸುಮ್ಮನೆ ಕುಳಿತಿರಲಾರದೆ ರಾಯರು ಮಾತು ತೆಗೆದರು.

"ಕಲ್ಯಾಣಪ್ಪನವರ, ನಿಮ್ಮ ಮಗ ಅಂದ್ರ ರತ್ನ ನೋಡ್ರಿ. ನಮ್ಮ ಬಿ.ಎ. ಕ್ಲಾಸಿನಾಗ ಇಂಥಾ ಹುಡುಗ ಇನ್ನೊಬ್ಬ ಇಲ್ಲ."

"ಬಿ.ಎ. ಅಂದ್ರ ಎಷ್ಟನೇ ಇಯತ್ತೆ ಆತ್ರಿ ರಾವಸಾಹೇಬ್ರ?"

"ಕಡೀ ವರ್ಷದ ಹುಡುಗೂರ್ರಿ ಅವರು."

ಕಲ್ಯಾಣಪ್ಪನು ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದನು.

"ಕಡೀ ವರ್ಷ? ಇವ ಜೂನದಾಗ ಹೋಗ್ಯಾನ್ರಿ. ಆರ ತಿಂಗಳಾಗಿಲ್ಲ, ಆಗಲೇ ಕಡೀಕ ಮುಟ್ಟ್ಯಾನ?"

ಹಿಂದಿನಿಂದ ಅಕ್ಕನಾಗಮ್ಮನು ಹಿಗ್ಗಿನಿಂದ, "ನಾ ಹೇಳಿದ್ದಿಲ್ಲೇನ ಕಲ್ಯಾಣಿ? ಕೂಸಿದ್ದಾಗಿಂದ ನನ್ನ ಸಾಯಬ ಹಂಗೇ. ಒಂದ ತಾವ ಕುಂದ್ರಾಂವಲ್ಲ. ಅವರಿಗೆ ತಡಕೊಳ್ಳಾಕ ಆಗಿಲ್ಲ, ಮ್ಯಾಲಿಂದ ಮ್ಯಾಲ ಹತ್ತಿಸ್ಯಾರ!" ಎಂದಳು.

ರಾಯರು ಸಾಯಬಣ್ಣನ ಕಡೆಗೆ ತಿರುಗಿದರು. ಅವನ ಕಿವಿಗಳು ಕುಸುಬಿಯ ಹೂವಿನ ಬಣ್ಣಕ್ಕೆ ಬಂದಿದ್ದವು.

"ನಿನ್ನ ರೋಲ್ ನಂಬರ ಎಷ್ಟೋ?"

"ಎಂಬತ್ತಮೂರ್ರಿ ಸರ್."

"ನನ್ನ ಕ್ಲಾಸಿನಾಗ ಇರೂದ ನಲವತ್ತೊಂದು ಮಂದಿ. ನೀ ಎಲ್ಲಿಂದ ಬಂದಿ?"

ಬಂಡಿ ನಿಂತಲ್ಲಿಯೇ ವಿಚಾರಣೆ ನಡೆಯಿತು. ಸಾಯಬಣ್ಣನು ಮೊದಲಿನಿಂದ ಕೊನೆಯವರೆಗೆ, ಕಪಾಟಿನ ಸಂಗತಿಯನ್ನೂ ಬಿಡದೆ, ಎಲ್ಲವನ್ನೂ ಹೇಳಿದನು. ಕೇಳುತ್ತ ಕೇಳುತ್ತ ರಾಯರ ಮುಖದ ನಗೆಯು ಮಾಸಿತು. ವಿಶ್ವವಿದ್ಯಾಲಯದ ಕಟ್ಟಳೆ ಅವರಿಗೆ ಗೊತ್ತಿತ್ತು: ತನ್ನ ತರಗತಿಗಳಲ್ಲಿ ಸಾಕಷ್ಟು ದಿನ ಹಾಜರಿರದವನಿಗೆ ಪರೀಕ್ಷೆಗೆ ಕೂಡುವ ಅಪ್ಪಣೆಯಿಲ್ಲ. ಅದನ್ನು ಅವರು ಕಲ್ಯಾಣಪ್ಪನಿಗೆ ತಿಳಿಯುವಂತೆ ಬಿಡಿಸಿ ಹೇಳಿದರು.

ಕಲ್ಯಾಣಪ್ಪನು ಕೆಳಗಿಳಿದು, ಮಗನನ್ನೂ ಇಳಿಸಿ, ರಸ್ತೆಯ ಪಕ್ಕದ ಹೊಲವನ್ನು ತೋರಿಸಿದನು. ಹಿಂಗಾರಿಯ ಬಿಳಿಜೋಳವು ಎದೆಯೆತ್ತರ ನಿಂತಿತ್ತು. ನಡುನಡುವೆ ಅಕ್ಕಡಿಯಾಗಿ ಕುಸುಬಿಯ ಸಾಲುಗಳು.

"ಎಣಸು."

"ಎಂಟ ಸಾಲ ಜ್ವಾಳ, ಒಂದ ಸಾಲ ಕುಸುಬಿ ಅಪ್ಪ."

"ಅಕ್ಕಡಿ ಹಾಕಿದ್ದು ತಪ್ಪಲ್ಲ. ಕುಸುಬಿ ಇಲ್ಲಂದ್ರ ಎಣ್ಣಿ ಎಲ್ಲಿಂದ ಬರಬೇಕು? ಖರೆ ನೀ ಏನ ಮಾಡೀದಿ? ಎಂಟ ಸಾಲ ಕುಸುಬಿ ಹಾಕಿ, ಒಂದ ಸಾಲ ಜ್ವಾಳ ಹಾಕೀದಿ. ವರ್ಷಾನಗಟ್ಲೆ ಬರೇ ಎಣ್ಣಿ ಕುಡೀತಿ ಏನು?"

ರಾಯರು ಬಂಡಿಯಲ್ಲಿ ಕುಳಿತೇ ಇದನ್ನು ಕೇಳಿ, "ಕಲ್ಯಾಣಪ್ಪನವರ, ನಮ್ಮ ಪ್ರಿನ್ಸಿಪಾಲರಿಗೆ ಇಷ್ಟ ಚಲೋ ಹೇಳಾಕ ಬರೂದಿಲ್ಲ ನೋಡ್ರಿ" ಎಂದರು.

ಅಕ್ಕಲಕೋಟೆಯಲ್ಲಿ ಸ್ವಾಮಿಗಳ ಆಲದ ಮರದ ಕೆಳಗೆ ದರ್ಶನ ಮುಗಿಸಿ ಕುಳಿತಾಗ ರಾಯರು ಒಂದು ಮಾತು ಕೊಟ್ಟರು: ಪ್ರಿನ್ಸಿಪಾಲರ ಮುಂದೆ ಹುಡುಗನ ಪರವಾಗಿ ತಾವೇ ನಿಲ್ಲುವುದಾಗಿ. ನಿಂತರು ಸಹ. ಜನವರಿಯ ಮೊದಲ ವಾರದಲ್ಲಿ ತೀರ್ಮಾನವಾಯಿತು. ಹಿಂದಿನ ಕೊರತೆಯನ್ನು ಒಂದೇ ಷರತ್ತಿನ ಮೇಲೆ ಮನ್ನಿಸಲಾಗುವುದು: ಅಂದಿನಿಂದ ಮಾರ್ಚ್ ಕೊನೆಯವರೆಗೆ ಎಂಬತ್ತಮೂರನೆಯ ಅಂಕಿಯು ತನ್ನ ಒಂದೇ ಒಂದು ಪಾಠವನ್ನೂ ತಪ್ಪಿಸಕೂಡದು. ತಪ್ಪಿಸಿದರೆ ಆ ವರ್ಷ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲದಿದ್ದರೆ ಮೈಂದರ್ಗಿಯ ಕೂರಿಗೆಯು ಕಾದಿತ್ತು. ಹುಡುಗನ ಮೇಲೆ ಕಣ್ಣಿಡುವುದಕ್ಕೆಂದೇ ರಾಯರು ಮೊದಲ ವರ್ಷದ ಇತಿಹಾಸವನ್ನೂ ತಾವೇ ವಹಿಸಿಕೊಂಡರು. "ನಿನ್ನ ಸಲುವಾಗಿ ಮಾತ ಕೊಟ್ಟೀನಿ. ನೀ ಬರಲಿಲ್ಲಂದ್ರ ಗೀಟ ಎಳಿಯಾಂವ ನಾನೇ. ನೆನಪಿಡು" ಎಂದರು.

ಸಾಯಬಣ್ಣನು ಮೂರು ವಾರ ಗಡಿಯಾರದ ಮುಳ್ಳಿನಂತೆ ನಡೆದನು. ಸಸ್ಯಶಾಸ್ತ್ರದ ಬಾಗಿಲ ಮುಂದೆ ಹಾದುಹೋಗುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದನು. ಆದರೆ ಒಂದು ಸಂಗತಿಯಿತ್ತು. ಮಾಘ ಮಾಸದಲ್ಲಿ ಅವನ ಮದುವೆ.

ದೀಪಾವಳಿಯಲ್ಲಿಯೇ ಎಲೆಯಡಿಕೆ ಹಿಡಿದು ನಿಶ್ಚಯವಾದ ಸಂಬಂಧವದು. ಕನ್ಯೆ ಪಾರ್ವತಿ, ಸೊಲ್ಲಾಪುರದ ಒಂದು ಗಿರಣಿಯಲ್ಲಿ ಗುಮಾಸ್ತನಾದ ಶಿವಶರಣಪ್ಪನ ಮಗಳು. ಹತ್ತೊಂಬತ್ತು ತುಂಬಿದ್ದಳು, ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಎರಡು ವರ್ಷದಿಂದ ಕಲಿಸುತ್ತಿದ್ದಳು. ಇಷ್ಟು ವಯಸ್ಸಿನವರೆಗೆ ಮಗಳನ್ನು ಓದಿಸಿದ ಶಿವಶರಣಪ್ಪನನ್ನು ಬಂಧುಗಳು ಸಾಕಷ್ಟು ಆಡಿಕೊಂಡಿದ್ದರು. ಮದುವೆಯನ್ನು ಬೇಸಿಗೆಗೆ ಹಾಕಿದರೆ ಹೇಗೆಂದು ಕಲ್ಯಾಣಪ್ಪನು ಮಗನಿಗೆ ಪತ್ರ ಬರೆಸಿದಾಗ, ಸಾಯಬಣ್ಣನ ಉತ್ತರ ಮರು ಟಪಾಲಿಗೆ ಬಂದಿತು: "ಮುಹೂರ್ತ ಮುಂದಕ್ಕೆ ಹೋದರೆ ಜನ ನನ್ನನ್ನು ಏನೂ ಅನ್ನುವುದಿಲ್ಲ; ಅವಳನ್ನು ಅನ್ನುತ್ತಾರೆ. ಮುಂದೆ ಹಾಕಬಾರದು. ಮುಹೂರ್ತವಿರುವುದು ರವಿವಾರ. ಶನಿವಾರದ ಪಾಠ ಮುಗಿಸಿ ರೈಲು ಹತ್ತುತ್ತೇನೆ. ಸೋಮವಾರ ಹನ್ನೊಂದಕ್ಕೆ ಇತಿಹಾಸದ ಪಾಠ. ನಡುವಿನ ಹೊತ್ತಿನಲ್ಲಿ ಮದುವೆ ಮಾಡಿರಿ."

ಐದು ದಿನದ ಕಾರ್ಯವನ್ನು ಒಂದು ಹಗಲಿನಲ್ಲಿ ಮುಗಿಸುವುದೆಂದರೆ ಸಾಮಾನ್ಯವೇ? ಅಕ್ಕನಾಗಮ್ಮನು ಆ ಹೊಣೆಯನ್ನು ಸೇನಾಪತಿಯಂತೆ ಕೈಗೆತ್ತಿಕೊಂಡಳು. ರವಿವಾರ ಮುಂಜಾನೆ ಸೊಲ್ಲಾಪುರದ ನಿಲ್ದಾಣದಲ್ಲಿ ಸಾಯಬಣ್ಣನು ರೈಲಿನಿಂದ ಒಂದು ಕಾಲನ್ನು ಕೆಳಗಿಟ್ಟಿದ್ದನಷ್ಟೆ. ಅಕ್ಕನಾಗಮ್ಮನ ಎರಡು ಕೈಗಳ ಅರಿಷಿಣವು ಅವನ ಎರಡು ಕೆನ್ನೆಗಳಿಗೂ ಬಿದ್ದಿತು. ಹಿಂದೆ ನಾಲ್ವರು ಮುತ್ತೈದೆಯರು ಸೋಬಾನೆ ತೆಗೆದರು.

ಟಿಕೆಟ್ ಕೇಳಲು ಬಂದ ರೈಲ್ವೆಯವನು ದಿಕ್ಕುಗೆಟ್ಟು, "ಬಾಯೀ, ಇದು ಪ್ಲಾಟ್‌ಫಾರ್ಮ. ಅರಿಷಿಣ ಮನ್ಯಾಗ ಹಚ್ಚಬೇಕ್ರಿ" ಎಂದನು.

"ಮನಿತನಕಾ ಹೋಗೂದರಾಗ ಅರ್ಧಾ ತಾಸ ಹೋಗ್ತೈತಿ. ಆ ಅರ್ಧಾ ತಾಸ ನೀ ಕೊಡ್ತೀ ಏನಪಾ? ತಾ, ನಿನ್ನ ಗಲ್ಲಾನೂ ಇತ್ತ ತಾ."

ಅವನು ಗಲ್ಲವನ್ನು ಹಿಡಿದುಕೊಂಡು ಬೇರೆ ಡಬ್ಬಿಯ ಕಡೆಗೆ ನಡೆದನು.

ಶಿವಶರಣಪ್ಪನ ಮನೆಯಂಗಳದಲ್ಲಿ ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ ನೀರೆರೆಯುವ ಸುರಗಿಯು ಎಂಟು ಗಂಟೆಗೆ. ದೇವರ ಊಟ ಹತ್ತಕ್ಕೆ. ಹನ್ನೆರಡಕ್ಕೆ ಸರಿಯಾಗಿ ಅಕ್ಷತೆ. ಮಂತ್ರ ಹೇಳುವ ಸ್ವಾಮಿಗಳು ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಂತರೆ ಅಕ್ಕನಾಗಮ್ಮನು, "ಸ್ವಾಮೇರ, ಉಸರಾ ಊಟ ಆದಮ್ಯಾಲ ತಗೋರಿ" ಎನ್ನುತ್ತಿದ್ದಳು. ಎಲ್ಲವೂ ಸುಸೂತ್ರವಾಗಿ ನಡೆದು, ನಾಲ್ಕು ಗಂಟೆಗೆ ಸಾಯಬಣ್ಣನು ಚೀಲವನ್ನು ಹೆಗಲಿಗೇರಿಸಿ ನಿಂತಾಗ, ಅದೇ ಸೇನಾಪತಿಯು ಬಾಗಿಲಿಗೆ ಅಡ್ಡವಾಗಿ ನಿಂತಳು.

"ಎಲ್ಲಿಗೆ?"

"ಪುಣೇಕ ಅತ್ತಿ. ಸಂಜೀ ಗಾಡಿಗೆ."

"ಕೈಯಾಗಿನ ಕಂಕಣ?"

ಸಾಯಬಣ್ಣನು ತನ್ನ ಬಲಗೈಯನ್ನು ನೋಡಿಕೊಂಡನು. ಐದನೆಯ ದಿನದವರೆಗೆ ಕಂಕಣ ಬಿಚ್ಚುವಂತಿಲ್ಲ, ಕಂಕಣ ಕಟ್ಟಿದ ಮದುಮಗನು ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ, ಕೈಯಲ್ಲಿ ಕಬ್ಬಿಣವಿರಬೇಕು, ಮದುಮಗಳನ್ನು ಬಿಟ್ಟು ಸೀಮೆ ದಾಟಬಾರದು, ಬಿಚ್ಚುವಾಗ ಒಬ್ಬರ ಕಂಕಣವನ್ನು ಇನ್ನೊಬ್ಬರೇ ಬಿಚ್ಚಬೇಕು. ಇದು ಆ ಸೀಮೆಯ ಮನೆಮನೆಯ ನಡಾವಳಿ. ದಿನಗಳ ಲೆಕ್ಕ ಹಾಕಿದ್ದ ಸಾಯಬಣ್ಣನು, ಹುಟ್ಟಿದಂದಿನಿಂದ ಕಂಡ ಈ ಒಂದನ್ನೇ ಲೆಕ್ಕದಿಂದ ಬಿಟ್ಟಿದ್ದನು.

"ಅತ್ತಿ, ಹೋಗಲಿಲ್ಲಂದ್ರ ವರ್ಷ ಹೋತು" ಎಂದನು ಅವನು, ದನಿ ತಗ್ಗಿಸಿ.

"ಹೋದ್ರ ಕಂಕಣಾ ಕೆಡತೈತಿ. ನಿಮ್ಮವ್ವ ಇದ್ದಿದ್ರ ಬಿಡತಿದ್ದಳೇನು? ನಾ ಹೆಂಗ ಬಿಡ್ಲಿ?" ಎಂದಳು ಅಕ್ಕನಾಗಮ್ಮ. ಅವಳ ಕಣ್ಣಂಚು ಒದ್ದೆಯಾಯಿತು; ಅವಳಿಗೂ ಹುಡುಗನ ಓದು ಬೇಕಾಗಿತ್ತು.

ಶಿವಶರಣಪ್ಪನು ಕಲ್ಯಾಣಪ್ಪನನ್ನು ನೋಡಿದನು. ಕಲ್ಯಾಣಪ್ಪನು ನೆಲವನ್ನು ನೋಡಿದನು. ಆಗ ಒಳಗಿನಿಂದ, ಬಾಸಿಂಗವನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ ಮದುಮಗಳು ಮೊದಲ ಸಲ ಎಲ್ಲರೂ ಕೇಳುವಂತೆ ಮಾತಾಡಿದಳು.

"ಅತ್ತೀ, ನಡಾವಳಿ ಮುರಿಯೂದ ಯಾಕ? ಅವರ ಜೋಡಿ ನಾನೂ ಹೋಗ್ತೀನಿ, ನೀವೂ ಬರ್ರಿ. ಮದುಮಗಳನ್ನ ಬಿಟ್ಟಂಗ ಆಗೂದಿಲ್ಲ, ಒಬ್ಬರೇ ಹೋದಂಗೂ ಆಗೂದಿಲ್ಲ. ಕಬ್ಬಿಣಾ ಒಂದ ಹುಡುಕಿ ಕೊಡ್ರಿ. ನಾ ಸಾಲಿ ಕಲಸಾಕಿ. ಹಾಜರಿ ಅಂದ್ರ ಏನಂತ ನನಗ ಗೊತ್ತದ."

ಅಕ್ಕನಾಗಮ್ಮನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅನಂತರ ತಮ್ಮನಿಗೆ, "ಕಲ್ಯಾಣಿ, ನಿನ್ನ ಸೊಸಿ ಶ್ಯಾಣ್ಯಾ ಇದ್ದಾಳ. ಅಡಕೊತ್ತು ತಾ" ಎಂದಳು.

ಹೀಗೆ ಆ ಸಂಜೆಯ ಗಾಡಿಯಲ್ಲಿ ಮೂವರು ಹೊರಟರು. ಸಾಯಬಣ್ಣನ ಬಲಗೈಯಲ್ಲಿ ಕಂಕಣ, ಎಡಗೈಯಲ್ಲಿ ಅಡಿಕೆ ಕತ್ತರಿಸುವ ಕಬ್ಬಿಣದ ಅಡಕೊತ್ತು. ಮುಂಜಾನೆ ಧೋಂಡ ನಿಲ್ದಾಣವನ್ನು ದಾಟುವವರೆಗೆ ಗಾಡಿಯು ಸಮಯಕ್ಕೆ ಸರಿಯಾಗಿಯೇ ಇತ್ತು. ಆಮೇಲೆ ಒಂದು ಬಯಲಿನಲ್ಲಿ ನಿಂತುಬಿಟ್ಟಿತು. ಹಳಿಯ ಮೇಲೆ ಎಮ್ಮೆಗಳ ಹಿಂಡೊಂದು ಮಲಗಿತ್ತು. ಎಂಜಿನ್ನು ಕೂಗಿತು, ಎಮ್ಮೆಗಳು ಕಿವಿಯಾಡಿಸಿದವು. ಗಾರ್ಡನು ಹಸಿರು ಬಾವುಟವನ್ನೂ ಕೆಂಪು ಬಾವುಟವನ್ನೂ ಬೀಸಿದನು. ಎರಡೂ ಅವುಗಳಿಗೆ ಒಂದೇ ಆಗಿ ಕಂಡವು. ಮುಕ್ಕಾಲು ತಾಸು ಕಳೆದ ಮೇಲೆ ಅಕ್ಕನಾಗಮ್ಮನು ತಾನೇ ಇಳಿದು ಹೋಗಿ, ಮೈಂದರ್ಗಿಯ ಎಮ್ಮೆಗಳಿಗೆ ತಿಳಿಯುವ ಭಾಷೆಯಲ್ಲಿ ನಾಲ್ಕು ಮಾತಾಡಿದಳು. ಎಮ್ಮೆಗಳು ಎದ್ದವು. ಎಂಜಿನ್ನಿನವನು ಅವಳಿಗೆ ಕೈಮುಗಿದನು.

ಆದರೆ ಹೋದ ಹೊತ್ತು ಹೋಯಿತು. ಪುಣೆಯ ನಿಲ್ದಾಣದಲ್ಲಿ ಇಳಿದಾಗ ಹನ್ನೊಂದಕ್ಕೆ ಹದಿನೈದೇ ನಿಮಿಷ. ಮುಖ ತೊಳೆಯಲೂ ಬಿಡುವಿಲ್ಲದೆ ಟಾಂಗಾ ಹತ್ತಿ ಕಾಲೇಜಿನ ಮುಂದೆ ಧುಮುಕಿದರೆ, ಬಾಗಿಲು ಕಾಯುವವನು ಸಾಯಬಣ್ಣನನ್ನು ತಡೆದನು. ಹಳದಿ ಮೋರೆ, ಕೈಯಲ್ಲಿ ಆಯುಧ. ಅವನ ಸಂಶಯವೂ ನ್ಯಾಯವಾದುದೇ. ಸಾಯಬಣ್ಣನು ಅಡಕೊತ್ತಿನ ಉಪಯೋಗವನ್ನು ಮರಾಠಿಯಲ್ಲಿ ವಿವರಿಸತೊಡಗಿದನು. ಅಷ್ಟರಲ್ಲಿ ಅಕ್ಕನಾಗಮ್ಮನು ಕಚ್ಚೆಯನ್ನು ಬಿಗಿದು ಒಳಗೆ ಓಡಿದಳು.

ಒಳಗೆ ದಿಗಂಬರರಾಯರು ಹಾಜರಿ ಕರೆಯುತ್ತಿದ್ದರು. ಎಂಬತ್ತೊಂದು, ಎಂಬತ್ತೆರಡು. ಎಂಬತ್ತಮೂರು ಎಂದು ಕರೆದು ತಲೆಯೆತ್ತಿದರು. ಉತ್ತರವಿಲ್ಲ. ಇನ್ನೊಂದು ಗಳಿಗೆ ಲೇಖಣಿಯನ್ನು ಮೇಲೆತ್ತಿಯೇ ಹಿಡಿದರು. ಪಡಸಾಲೆಯ ತುದಿಯಿಂದ ಒಂದು ಕೂಗು ಬಂದಿತು.

"ಬಂದಾನ್ರೀ, ಬಂದಾನ! ಬಾಗಲಾಗ ಹಿಡದಾರ!"

ತರಗತಿಯ ತಲೆಗಳೆಲ್ಲ ತಿರುಗಿದವು. ಬಾಗಿಲಲ್ಲಿ ಅಕ್ಕನಾಗಮ್ಮನು ಏದುಸಿರು ಬಿಡುತ್ತ ನಿಂತಿದ್ದಳು.

"ಎಂಬತ್ತಮೂರು ನೀವೇನವ್ವಾ?" ಎಂದರು ರಾಯರು.

"ಅಲ್ರೀ, ಅವನ ಅತ್ತಿ. ಬಂಡ್ಯಾಗ ಜೋಡಿ ಕುಂತ ಬಂದೀವಿ, ಬುತ್ತಿ ಉಂಡೀರಿ, ಗುರತ ಹಿಡೀಲಿಲ್ಲೇನ್ರಿ?"

"ಹಿಡದೀನ್ರಿ. ಆದ್ರ ಅತ್ತಿ ಹಾಜರಿ ಅಳಿಯಗ ನಡಿಯೂದಿಲ್ರಿ ಇಲ್ಲಿ."

ತರಗತಿಯು ನಕ್ಕಿತು. ರಾಯರು ನಗಲಿಲ್ಲ. ತಾವು ಮಾತು ಕೊಟ್ಟು ಉಳಿಸಿದ ಹುಡುಗನಿಗೆ ತಾವೇ ದಾಕ್ಷಿಣ್ಯ ತೋರಿದರೆ ಕೊಟ್ಟ ಮಾತಿಗೆ ಬೆಲೆಯೇನು? ಅವರು ಗೀಟನ್ನು ಎಳೆದರು. ಎಳೆದ ಗೀಟು ಸೊಟ್ಟಗಾಯಿತು. ಎಂಬತ್ತನಾಲ್ಕು, ಎಂಬತ್ತೈದು ಎಂದು ಮುಂದೆ ಹೋದರು. ನೂರ ಹದಿನೆರಡಕ್ಕೆ ಬಂದಾಗ ಸ್ವತಃ ಸಾಯಬಣ್ಣನು ಬಾಗಿಲಿಗೆ ಬಂದು ನಿಂತನು, ಪಕ್ಕದಲ್ಲಿ ಪಾರ್ವತಿ. ಕೊನೆಯ ನೂರಿಪ್ಪತ್ತನೆಯ ಅಂಕಿಯೂ ಮುಗಿಯಿತು. ರಾಯರು ಪುಸ್ತಕವನ್ನು ಮುಚ್ಚಲು ಕೈಯಿಟ್ಟರು. ಸಾಯಬಣ್ಣನ ಮುಖದ ಅರಿಷಿಣದಡಿಯಲ್ಲಿ ರಕ್ತವೆಲ್ಲ ಇಳಿದುಹೋಗಿತ್ತು.

"ಸರ್, ಒಂದ ಮಾತ ಕೇಳಲ್ರಿ?"

ಕೇಳಿದವಳು ಪಾರ್ವತಿ. ರಾಯರು ತಲೆಯಾಡಿಸಿದರು.

"ನಾ ಸೊಲ್ಲಾಪುರದಾಗ ಹೆಣ್ಣಮಕ್ಕಳ ಸಾಲಿ ಕಲಸ್ತೀನ್ರಿ. ನಮ್ಮಲ್ಲಿ ಹುಡಿಗೇರು ನೀರ ತುಂಬಿ, ತಮ್ಮ ತಂಗೀನ ಮಲಗಿಸಿ ಬರೂದರಾಗ ತಡಾ ಆಗ್ತದ. ಅದಕ್ಕ ಹಾಜರಿ ಮುಗದ ಮ್ಯಾಲ, ಪುಸ್ತಕಾ ಮುಚ್ಚೂ ಮುಂದ, ಇಲ್ಲದವರ ಹೆಸರ ಇನ್ನೊಮ್ಮೆ ಕರೀತೀವಿ. ನಿಮ್ಮಲ್ಲಿ ಆ ಪದ್ಧತಿ ಇಲ್ಲೇನ್ರಿ?"

"ಇಲ್ಲ."

"ಯಾಕ್ರಿ?"

ರಾಯರು ಪುಸ್ತಕದ ಮೇಲಿಂದ ಕೈಯನ್ನು ತೆಗೆದರು. "ಯಾರೂ ಕೇಳಿದ್ದಿಲ್ಲವ್ವ" ಎಂದರು. "ಪುಸ್ತಕ ಇನ್ನೂ ಮುಚ್ಚಿಲ್ಲ, ಅದೂ ಖರೆ. ಒಬ್ಬನ ಸಲುವಾಗಿ ಮಾಡೂದಿಲ್ಲ. ಮಾಡಿದ್ರ ಎಲ್ಲಾರ ಸಲುವಾಗಿ ಮಾಡತೀನಿ. ಇವತ್ತಿಂದ ನನ್ನ ಕ್ಲಾಸಿನಾಗ ಇದೇ ಪದ್ಧತಿ."

ಅವರು ಗೀಟು ಬಿದ್ದ ಏಳು ಅಂಕಿಗಳನ್ನೂ ಮೊದಲಿನಿಂದ ಕರೆದರು. ಕಂಬದ ಮರೆಯಲ್ಲಿ ಹೆದರಿ ನಿಂತಿದ್ದ ಇಬ್ಬರು ಹುಡುಗರು ಈ ಅನಿರೀಕ್ಷಿತ ಭಾಗ್ಯಕ್ಕೆ ಬೆರಗಾಗಿ ಒಳಗೆ ನುಸುಳಿದರು.

"ಎಂಬತ್ತಮೂರು."

"ಹಾಜರ್ ಸರ್!" ಎಂದು ಸಾಯಬಣ್ಣನು ಕೈಯೆತ್ತಿದನು. ಎತ್ತಿದ್ದು ಅಡಕೊತ್ತಿನ ಕೈ. ಮುಂದಿನ ಬೆಂಚಿನವರು ತಲೆ ತಗ್ಗಿಸಿದರು. ರಾಯರು ಸೊಟ್ಟ ಗೀಟನ್ನು ಹೊಡೆದುಹಾಕಿ ಹಾಜರಿ ಬರೆದರು.

ಕಂಕಣವಿದ್ದಷ್ಟು ದಿನ ಮದುಮಗನನ್ನು ಬಿಟ್ಟಿರಬಾರದೆಂಬ ಕಾರಣದಿಂದ ಆ ಇಬ್ಬರು ಹೆಂಗಸರೂ ಪುಣೆಯ ವೀರಶೈವ ಮಠದಲ್ಲಿ ಉಳಿದು, ದಿನವೂ ಎಲ್ಲ ಪಾಠಗಳಿಗೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಸಿಂಹಾಸನಕ್ಕಾಗಿ ಅಣ್ಣನನ್ನು ಸೆರೆಯಲ್ಲಿಟ್ಟ ಒಬ್ಬ ಅರಸನ ಪಾಠ ನಡೆಯುವಾಗ ಅಕ್ಕನಾಗಮ್ಮನು ತಡೆಯಲಾರದೆ, "ಹೊಲಾ ಹಂಚಕೊಡೂ ಹಿರ್ಯಾರು ಯಾರೂ ಇರಲಿಲ್ಲೇನ್ರಿ ಅವರ ಮನ್ಯಾಗ?" ಎಂದು ಕೇಳಿದಳು. ರಾಯರು ಆ ವಾರದ ಪ್ರಬಂಧಕ್ಕೆ ಅದನ್ನೇ ವಿಷಯವಾಗಿ ಕೊಟ್ಟರು. ಪಾರ್ವತಿಯು ಸುಮ್ಮನೆ ಕುಳಿತು ಬರೆದುಕೊಂಡಳು. ಗುರುವಾರ ಮಠದ ಅಂಗಳದಲ್ಲಿ ಒಬ್ಬರ ಕಂಕಣವನ್ನು ಒಬ್ಬರು ಬಿಚ್ಚಿದರು. ಆಗ ಅವಳು ಅವನಿಗೆ ಹೇಳಿದ್ದನ್ನು ಅಕ್ಕನಾಗಮ್ಮನು ಕೇಳಿಸಿಕೊಂಡು ಊರಿಗೆಲ್ಲ ಹೇಳಿದಳು: "ನಿಮ್ಮ ಗಣಿತದ ಮಾಸ್ತರ್ರು ಹಲಿಗಿ ಕಡೆ ಮಾರಿ ಮಾಡಿ ಕಲಸ್ತಾರ. ನಾ ಬರಕೊಂಡದ್ದು ನೋಡಿ ಓದ್ರಿ."

ಮಾರ್ಚ್ ಮುಗಿಯುವವರೆಗೆ ಎಂಬತ್ತಮೂರನೆಯ ಅಂಕಿಯ ಮುಂದೆ ಮತ್ತೊಂದು ಗೀಟು ಬೀಳಲಿಲ್ಲ. ಸಾಯಬಣ್ಣನು ಪರೀಕ್ಷೆಗೆ ಕುಳಿತನು. ಮೇಲಿನ ತರಗತಿಗೆ ಹತ್ತಿದನು. ಈ ಸಲ ನಿಜವಾಗಿಯೇ ಹತ್ತಿದನು, ಒಂದೊಂದೇ ಮೆಟ್ಟಿಲಾಗಿ. ಸುದ್ದಿಯ ಕಾರ್ಡನ್ನು ಓದಿಸಿಕೊಂಡ ಕಲ್ಯಾಣಪ್ಪನು ಎದ್ದು, ಮಗನಿಗಾಗಿ ಬಾಗಿಲ ಬಳಿ ತಂದಿರಿಸಿದ್ದ ಕೂರಿಗೆಯನ್ನು ತಾನೇ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋದನು. ಅಂದು ಅವನು ಹಾಡಿಕೊಳ್ಳುತ್ತಿದ್ದುದನ್ನು ಕಂಡವರಿದ್ದಾರೆ.

ಮೂವತ್ತೊಂದರಲ್ಲಿ ಸಾಯಬಣ್ಣನು ಬಿ.ಎ. ಆದನು. ಸೊಲ್ಲಾಪುರದಲ್ಲಿ ಶಿಕ್ಷಕನಾಗಿ ನಿಂತನು. ಪಾರ್ವತಿಬಾಯಿಯು ಶಾಲೆಯನ್ನು ಬಿಡದೆ, ಎರಡು ಮಕ್ಕಳ ನಡುವೆ ಮ್ಯಾಟ್ರಿಕ್ ಪರೀಕ್ಷೆಯನ್ನು ಮುಗಿಸಿದಳು. ಆ ದಿನಗಳಲ್ಲಿ ಕೂಸನ್ನು ತೂಗಿದವಳು ಅಕ್ಕನಾಗಮ್ಮ, ಒಲೆಯ ಮುಂದೆ ಕುಳಿತವನು ಸಾಯಬಣ್ಣ. ರೊಟ್ಟಿ ದುಂಡಗಾಗದಿದ್ದರೂ ಬೆಂದಿರುತ್ತಿತ್ತೆಂದು ಉಂಡವರು ಹೇಳುತ್ತಾರೆ.

ಸೊನ್ನಲಿಗೆಯ ಸಿದ್ಧರಾಮನಾಥನು ಆ ದಂಪತಿಗಳನ್ನು ಚಿರಕಾಲ ಕಾಯಲಿ. ಅವರ ಮನೆಯ ದೀಪಕ್ಕೆ ಎಣ್ಣೆಯೂ, ಮಕ್ಕಳ ಬಾಯಿಗೆ ಹಾಲೂ, ಬಂದವರಿಗೆ ಮಣೆಯೂ ಎಂದಿಗೂ ತಪ್ಪದಿರಲಿ. ಕಲ್ಯಾಣಪ್ಪನ ಎತ್ತುಗಳು ಪುಷ್ಟವಾಗಿರಲಿ, ಮಳೆ ಹದಕ್ಕೆ ಬರಲಿ. ಅಕ್ಕನಾಗಮ್ಮನ ಕೊರಳು ನೂರು ವರ್ಷ ಕ್ಷೀಣಿಸದೆ ಆ ಮನೆಯ ಪಡಸಾಲೆಯಲ್ಲಿ ಮೊಳಗುತ್ತಿರಲಿ. ಆ ಮನೆತನಕ್ಕೆ ಮಂಗಳವಾಗಲಿ, ಮಂಗಳವೇ ಆಗಲಿ.